ಮೂತ್ರಕೋಶದ ಗೋಡೆ ಮತ್ತು ಎಂಆರ್‌ಐ: ಹ್ಯೂಬರ್ಟ್ ಹಂಫ್ರಿ ಎಂಬ ರೋಗಿಯ ಕಥೆ

ಕೆಲವು ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬುದು ನಮಗೆಲ್ಲ ಗೊತ್ತು. ನಮ್ಮಲ್ಲಿ ಅದರ ಪಾಲನೆ ಎಷ್ಟರ ಮಟ್ಟಿಗೆ ಎಂಬುದು ಬೇರೆ ಮಾತು. ಯಾವ ಔಷಧಿಯನ್ನು ಅಂಗಡಿಯಲ್ಲಿ ನೇರವಾಗಿ ಕೊಳ್ಳಬಹುದು, ಯಾವುದಕ್ಕೆ ಚೀಟಿ ಬೇಕೇ ಬೇಕು ಎಂದು ಅಮೆರಿಕದಲ್ಲಿ ಸ್ಪಷ್ಟವಾಗಿ ಗೆರೆ ಎಳೆದದ್ದು 1951ರ ಒಂದು ಕಾನೂನು. ಅದನ್ನು ಮಂಡಿಸಿದ ಇಬ್ಬರು ಸಂಸದರೂ ರಾಜಕೀಯಕ್ಕೆ ಬರುವ ಮೊದಲು ಫಾರ್ಮಾಸಿಸ್ಟ್‌ಗಳಾಗಿದ್ದರು. ಒಬ್ಬರು ಕಾರ್ಲ್ ಡರ್ಹಮ್, ಇನ್ನೊಬ್ಬರು ಹ್ಯೂಬರ್ಟ್ ಹಂಫ್ರಿ. ಆ ಕಾನೂನಿಗೆ ಇಂದಿಗೂ ಅವರಿಬ್ಬರ ಹೆಸರೇ ಇದೆ.

ಹಂಫ್ರಿ ಮುಂದೆ ಅಮೆರಿಕದ ಉಪಾಧ್ಯಕ್ಷರಾದರು. ಅಧ್ಯಕ್ಷ ಪದವಿ ಕೂದಲೆಳೆಯ ಅಂತರದಲ್ಲಿ ಕೈತಪ್ಪಿತು. 1978ರಲ್ಲಿ, 66ನೇ ವಯಸ್ಸಿನಲ್ಲಿ, ಮೂತ್ರಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ರಾಜಕೀಯದ ಪುಸ್ತಕಗಳಲ್ಲಿ ಅವರ ಹೆಸರು ಇರುವುದು ಸಹಜ. ಆದರೆ ವೈದ್ಯಕೀಯ ನಿಯತಕಾಲಿಕೆಗಳಲ್ಲೂ ಅವರು ಇದ್ದಾರೆ, ಒಬ್ಬ ರೋಗಿಯಾಗಿ. ಮೂತ್ರಕೋಶದ ಕ್ಯಾನ್ಸರ್‌ಗೆ ಎಂಆರ್‌ಐ ಏಕೆ ಮಾಡಿಸುತ್ತಾರೆ, ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂದು ತಿಳಿಯಲು ಅವರ ಬದುಕಿನ ಕೊನೆಯ ಹತ್ತು ವರ್ಷಗಳಿಗಿಂತ ಒಳ್ಳೆಯ ದಾರಿ ನಮಗೆ ಕಾಣಲಿಲ್ಲ. ವಿಚಿತ್ರವೆಂದರೆ, ಅವರಿಗೆ ಎಂಆರ್‌ಐ ಮಾಡಿಸುವ ಸಾಧ್ಯತೆಯೇ ಇರಲಿಲ್ಲ.

ಮೊದಲು ಮನುಷ್ಯನ ಪರಿಚಯ. ಹಂಫ್ರಿ ಹುಟ್ಟಿದ್ದು 1911ರ ಮೇ 27ರಂದು, ಅಮೆರಿಕದ ಸೌತ್ ಡಕೋಟ ರಾಜ್ಯದ ವಾಲೆಸ್ ಎಂಬ ಪುಟ್ಟ ಊರಿನಲ್ಲಿ, ಅಪ್ಪನ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಳೆದದ್ದು ಡೋಲಂಡ್ ಎಂಬ ಇನ್ನೊಂದು ಸಣ್ಣ ಊರಿನಲ್ಲಿ. 1920ರ ದಶಕದ ಕೊನೆಗೆ ಅಲ್ಲಿನ ರೈತರು ಸೋತರು, ಬ್ಯಾಂಕುಗಳು ಮುಳುಗಿದವು, ಸಾಲ ತೀರಿಸಲು ಅಪ್ಪ ಮನೆ ಮಾರಬೇಕಾಯಿತು. ಕಾಲೇಜು ಸೇರಿದ್ದ ಮಗ ಓದು ಬಿಟ್ಟು ಅಂಗಡಿಗೆ ವಾಪಸಾದ. ಡೆನ್ವರ್‌ನ ಫಾರ್ಮಸಿ ಕಾಲೇಜಿನಲ್ಲಿ ಎರಡು ವರ್ಷದ ಪಾಠವನ್ನು ಆರೇ ತಿಂಗಳಲ್ಲಿ ಮುಗಿಸಿ ಲೈಸೆನ್ಸ್ ಪಡೆದು, ಹ್ಯೂರನ್ ಎಂಬಲ್ಲಿ ಅಪ್ಪನ ಜೊತೆ ವರ್ಷಗಟ್ಟಲೆ ಔಷಧಿ ಕಟ್ಟಿಕೊಟ್ಟ. 1936ರಲ್ಲಿ ಮ್ಯೂರಿಯಲ್ ಬಕ್ ಅವರನ್ನು ಮದುವೆಯಾದ ಮೇಲೆ ಮತ್ತೆ ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಪೂರೈಸಿದ್ದು.

ರಾಜಕೀಯದ ಏಣಿಯನ್ನು ಅವರು ಬೇಗ ಹತ್ತಿದರು. 1945ರಲ್ಲಿ ಮಿನಿಯಾಪೊಲಿಸ್ ನಗರದ ಮೇಯರ್. 1948ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಪರವಾಗಿ ಮಾಡಿದ ಭಾಷಣದಿಂದ ದೇಶಕ್ಕೆಲ್ಲ ಪರಿಚಿತರಾದರು. ಆ ನಿರ್ಣಯ ಗೆದ್ದಾಗ ದಕ್ಷಿಣದ ಹಲವು ಪ್ರತಿನಿಧಿಗಳು ಸಭೆಯಿಂದಲೇ ಎದ್ದು ನಡೆದರು. 1949ರಿಂದ ಸೆನೆಟರ್. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ವಿರೋಧಿಗಳು ಎರಡು ತಿಂಗಳಿಗೂ ಮೀರಿ ಮಾತಿನಲ್ಲೇ ತಡೆಹಿಡಿದಾಗ, ಸೆನೆಟ್‌ನಲ್ಲಿ ಅದನ್ನು ದಡ ಸೇರಿಸುವ ಹೊಣೆ ಹೊತ್ತವರು ಇವರೇ. ವಯಸ್ಸಾದವರಿಗೆ ಸರ್ಕಾರಿ ಆರೋಗ್ಯ ವಿಮೆ ಬೇಕೆಂದು 1949ರಿಂದಲೇ ವಾದಿಸುತ್ತಿದ್ದರು. ಅದು ಜಾರಿಗೆ ಬಂದದ್ದು 1965ರಲ್ಲಿ.

ನಮ್ಮ ದೇಶದವರಿಗೂ ಹಂಫ್ರಿ ಪೂರ್ತಿ ಅಪರಿಚಿತರಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದ ಪಿಎಲ್ 480 ಗೋಧಿಯ ಹೆಸರು ಕೇಳಿರುತ್ತೀರಿ. ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಹೀಗೆ ಬೇರೆ ದೇಶಗಳಿಗೆ ಕಳಿಸಬೇಕೆಂದು ಸೆನೆಟ್‌ನಲ್ಲಿ ಗಟ್ಟಿಯಾಗಿ ವಾದಿಸಿದವರಲ್ಲಿ ಅವರು ಪ್ರಮುಖರು. 1966ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ದೆಹಲಿಗೆ ಬಂದಿದ್ದ ಉಪಾಧ್ಯಕ್ಷರು ಇವರೇ.

ಅದಾದ ಮರು ವರ್ಷ, 1967ರಲ್ಲಿ, ಅವರ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮೂತ್ರದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಮಾತುಗಳು ಎರಡು: ಉಷ್ಣ ಆಗಿದೆ, ಇಲ್ಲವೇ ಕಲ್ಲು ಇರಬೇಕು. ಎಳನೀರು, ಬಾರ್ಲಿ ನೀರು ಕುಡಿಯುತ್ತೇವೆ. ಎರಡು ದಿನದಲ್ಲಿ ರಕ್ತ ನಿಂತರೆ ವಾಸಿಯಾಯಿತು ಎಂದುಕೊಳ್ಳುತ್ತೇವೆ. ಮೂತ್ರಕೋಶದ ಕ್ಯಾನ್ಸರ್‌ನ ಅತಿ ಸಾಮಾನ್ಯ ಮೊದಲ ಲಕ್ಷಣವೇ ನೋವಿಲ್ಲದೆ ಬರುವ ರಕ್ತ, ಮತ್ತು ಅದು ತಾನಾಗಿಯೇ ನಿಲ್ಲುವುದು ಅದರ ಸ್ವಭಾವ. ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರಬಹುದು. ಹಾಗೆ ರಕ್ತ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಬಹಳ ಮಂದಿಗೆ ಸೋಂಕೋ ಕಲ್ಲೋ ಕಾರಣವಾಗಿರುತ್ತದೆ. ಆದರೆ ರಕ್ತ ನಿಂತಿತು ಎಂಬುದರಿಂದ ಇದೋ ಅದೋ ಎಂದು ತೀರ್ಮಾನಿಸಲು ಬರುವುದಿಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಈ ಕ್ಯಾನ್ಸರ್ ಹೆಚ್ಚು, ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು. ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ: ಮೂತ್ರಪಿಂಡ ಅಂದರೆ ಕಿಡ್ನಿ, ರಕ್ತವನ್ನು ಸೋಸುವ ಅಂಗ. ಮೂತ್ರಕೋಶ ಅಂದರೆ ಕಿಬ್ಬೊಟ್ಟೆಯಲ್ಲಿರುವ, ಮೂತ್ರ ತುಂಬಿಕೊಳ್ಳುವ ಚೀಲ. ನಾವು ಮಾತಾಡುತ್ತಿರುವುದು ಆ ಚೀಲದ ಬಗ್ಗೆ.

ಹಂಫ್ರಿಯವರು ಉಪಾಧ್ಯಕ್ಷರು. ಪರೀಕ್ಷೆಗಳಿಗೆ ಕೊರತೆ ಇರಲಿಲ್ಲ. ಮೂತ್ರದ ದಾರಿಯಿಂದ ಕೊಳವೆ ತೂರಿಸಿ ಒಳಗೆ ನೋಡಿದರು, ಬಯಾಪ್ಸಿ ತೆಗೆದರು, ಮೂತ್ರದಲ್ಲಿ ಉದುರಿ ಬರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ನೋಡಿದ ತಜ್ಞರಲ್ಲಿ ಒಮ್ಮತ ಮೂಡಲಿಲ್ಲ. ಕ್ಯಾನ್ಸರ್‌ನ ಸಂಶಯ ಇದೆ ಎಂಬ ಅಭಿಪ್ರಾಯವೂ ಬಂತು, ಅಷ್ಟು ಹೇಳಲಾಗದು ಎಂಬುದೂ ಬಂತು. ಕ್ಯಾನ್ಸರ್ ಎಂದು ಖಚಿತವಾಗಲಿಲ್ಲ.

ಇದನ್ನು ವೈದ್ಯರ ತಪ್ಪು ಎಂದು ಇವತ್ತು ಹೇಳುವುದು ಸುಲಭ. ನಮಗೆ ಹಾಗೆ ಅನ್ನಿಸುವುದಿಲ್ಲ. ಅವರಿಗಿದ್ದ ರೋಗ ಬಹುಶಃ ಆಗ ಚಪ್ಪಟೆಯಾಗಿ, ಮೂತ್ರಕೋಶದ ಒಳಪೊರೆಯಲ್ಲಷ್ಟೇ ಹರಡಿಕೊಂಡಿತ್ತು. ಕಣ್ಣಿಗೆ ಗೆಡ್ಡೆಯಾಗಿ ಕಾಣುವುದಿಲ್ಲ, ಕೆಲವೊಮ್ಮೆ ಕೆಂಪು ಮಖಮಲ್ಲಿನ ತೇಪೆಯಂತಿರುತ್ತದೆ, ಉರಿಯೂತವಾದಾಗಲೂ ಅದೇ ಕೆಂಪು. ಆ ಕಾಲದಲ್ಲಿ ಖಚಿತ ಚಿಕಿತ್ಸೆ ಎಂದರೆ ಇಡೀ ಮೂತ್ರಕೋಶವನ್ನೇ ತೆಗೆಯುವುದು. ಒಡೆದ ಅಭಿಪ್ರಾಯವೊಂದನ್ನು ನಂಬಿ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ ಯಾವ ವೈದ್ಯರು ಮುಂದಾಗುತ್ತಾರೆ?

1968 ಬಂತು. ಅಧ್ಯಕ್ಷ ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು, ರಾಬರ್ಟ್ ಕೆನಡಿಯ ಹತ್ಯೆಯಾಯಿತು, ಷಿಕಾಗೊ ಸಮಾವೇಶದ ಹೊರಗೆ ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಲಾಠಿ ಬೀಸಲಾಯಿತು. ಆ ಗದ್ದಲದ ನಡುವೆ ಪಕ್ಷದ ಅಭ್ಯರ್ಥಿಯಾದವರು ಹಂಫ್ರಿ. ಏಳು ಕೋಟಿಗೂ ಹೆಚ್ಚು ಮತಗಳು ಚಲಾವಣೆಯಾದ ಆ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅವರಿಗಿಂತ ಸುಮಾರು 5 ಲಕ್ಷ ಮತ ಕಡಿಮೆ ಪಡೆದು ಸೋತರು. ಹಿಂದಿನ ವರ್ಷವೇ ರೋಗ ಖಚಿತವಾಗಿದ್ದರೆ ಅವರು ನಿಲ್ಲುತ್ತಿದ್ದರೋ ಇಲ್ಲವೋ, ಗೆದ್ದಿದ್ದರೆ ಅಧ್ಯಕ್ಷರ ಆರೋಗ್ಯ ಏನಾಗುತ್ತಿತ್ತೋ ಎಂಬ ಪ್ರಶ್ನೆಯನ್ನು ಮುಂದೆ ಹಲವರು ಎತ್ತಿದರು. ಉತ್ತರ ಯಾರ ಬಳಿಯೂ ಇಲ್ಲ, ಬಿಟ್ಟುಬಿಡೋಣ.

1971ರಲ್ಲಿ ಅವರು ಮತ್ತೆ ಸೆನೆಟ್‌ಗೆ ಬಂದರು. 1973ರಲ್ಲಿ ಕ್ಯಾನ್ಸರ್ ಖಚಿತವಾಗಿ ವಿಕಿರಣ ಚಿಕಿತ್ಸೆ ನಡೆಯಿತು. ಕೆಲಸ ನಿಲ್ಲಲಿಲ್ಲ, ಪ್ರವಾಸ ನಿಲ್ಲಲಿಲ್ಲ. ಮಾತಂತೂ ನಿಲ್ಲಲೇ ಇಲ್ಲ. ಅವರ ಉದ್ದುದ್ದ ಭಾಷಣಗಳನ್ನು ಕಂಡು ಮಿತ್ರರೇ ತಮಾಷೆ ಮಾಡುತ್ತಿದ್ದರು. 1976ರ ಶರತ್ಕಾಲದಲ್ಲಿ ಮತ್ತೆ ಪರೀಕ್ಷಿಸಿದಾಗ ಕ್ಯಾನ್ಸರ್ ಒಳಪೊರೆಯನ್ನು ದಾಟಿ ಮೂತ್ರಕೋಶದ ಗೋಡೆಯೊಳಕ್ಕೆ ಇಳಿದಿತ್ತು. ಅಕ್ಟೋಬರ್ 7ರಂದು ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಆ ಕಾಲದ ಹೆಸರಾಂತ ಶಸ್ತ್ರವೈದ್ಯ ವಿಲೆಟ್ ವಿಟ್‌ಮೋರ್ ಅವರ ಮೂತ್ರಕೋಶವನ್ನು ತೆಗೆದುಹಾಕಿದರು.

ಈ ಗೋಡೆಯ ವಿಷಯ ಅರ್ಥವಾದರೆ ಎಂಆರ್‌ಐ ವಿಷಯ ಅರ್ಥವಾದಂತೆಯೇ. ಮನೆಯ ಗೋಡೆಯನ್ನು ನೆನಪಿಸಿಕೊಳ್ಳಿ. ಒಳಮೈಗೆ ಸುಣ್ಣ, ಅದರ ಹಿಂದೆ ಗಾರೆ, ಅದರ ಹಿಂದೆ ಇಟ್ಟಿಗೆ, ಆಚೆ ಹಿತ್ತಲು. ಮೂತ್ರಕೋಶದಲ್ಲೂ ಹಾಗೆಯೇ: ಒಳಗೆ ತೆಳುವಾದ ಪೊರೆ, ಅದರ ಹಿಂದೆ ರಕ್ತನಾಳಗಳಿರುವ ಮೆದು ಪದರ, ಅದರ ಹಿಂದೆ ದಪ್ಪ ಸ್ನಾಯು, ಸ್ನಾಯುವಿನ ಆಚೆ ಕೊಬ್ಬು. ಕ್ಯಾನ್ಸರ್ ಶುರುವಾಗುವುದು ಬಹುಪಾಲು ಸುಣ್ಣದಲ್ಲಿ. ಅಲ್ಲೇ ಅಣಬೆಯಂತೆ ಒಳಮುಖವಾಗಿ ಬೆಳೆಯಬಹುದು, ಇಲ್ಲವೇ ಬೂಷ್ಟಿನಂತೆ ಚಪ್ಪಟೆಯಾಗಿ ಹರಡಬಹುದು. ಗಾರೆಗೆ ಇಳಿದರೆ ವರದಿಯಲ್ಲಿ ಟಿ1 ಎಂದು ಬರೆಯುತ್ತಾರೆ. ಇಟ್ಟಿಗೆಗೆ, ಅಂದರೆ ಸ್ನಾಯುವಿಗೆ ಇಳಿದರೆ ಟಿ2. ಹಿತ್ತಲಿಗೆ ಬಂದರೆ ಟಿ3, ಪಕ್ಕದ ಮನೆಗೆ, ಅಂದರೆ ಪ್ರಾಸ್ಟೇಟ್, ಗರ್ಭಕೋಶ ಇತ್ಯಾದಿಗೆ ನುಗ್ಗಿದರೆ ಟಿ4.

ಇವುಗಳಲ್ಲಿ ಟಿ1 ಮತ್ತು ಟಿ2 ನಡುವಿನ ಗೆರೆ ಎಲ್ಲಕ್ಕಿಂತ ಮುಖ್ಯ. ಅದರ ಈಚೆಗಿದ್ದರೆ ಸಾಮಾನ್ಯವಾಗಿ ಗೆಡ್ಡೆಯನ್ನು ಕೆರೆದು ತೆಗೆದು, ಮೂತ್ರಕೋಶದೊಳಗೇ ಔಷಧಿ ಹಾಕಿ, ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ ಅಂಗವನ್ನು ಉಳಿಸಿಕೊಳ್ಳಬಹುದು. ಆಚೆಗೆ ಹೋಗಿದ್ದರೆ ಕೀಮೋಥೆರಪಿ, ಇಡೀ ಮೂತ್ರಕೋಶ ತೆಗೆಯುವುದು, ಅಥವಾ ಕೀಮೋ ಜೊತೆಗೆ ವಿಕಿರಣ ಬೇಕಾಗುತ್ತದೆ. ಹೊಸದಾಗಿ ಪತ್ತೆಯಾಗುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಈಚೆಗೇ ಇರುತ್ತಾರೆ. ಉಳಿದ ಕಾಲು ಪಾಲಿನವರಿಗೆ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

1976ರಲ್ಲಿ ಈ ಆಳವನ್ನು ಅಳೆಯಲು ಇದ್ದ ಸಾಧನಗಳು ಕಡಿಮೆ. ಕೆರೆದು ತೆಗೆದ ಚೂರುಗಳಲ್ಲಿ ಸ್ನಾಯು ಇದೆಯೇ, ಅದರಲ್ಲಿ ಕ್ಯಾನ್ಸರ್ ಇದೆಯೇ ಎಂದು ನೋಡುತ್ತಿದ್ದರು. ರೋಗಿಗೆ ಅರಿವಳಿಕೆ ಕೊಟ್ಟು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ಗುದದ್ವಾರದ ಮೂಲಕ ಒಳಗಿಟ್ಟು, ಗಟ್ಟಿ ಗಂಟು ಸಿಗುತ್ತದೆಯೇ, ಅಲ್ಲಾಡುತ್ತದೆಯೇ ಎಂದು ಶಸ್ತ್ರವೈದ್ಯರು ತಡಕಿ ಅಂದಾಜು ಮಾಡುತ್ತಿದ್ದರು. ಅಪಹಾಸ್ಯ ಬೇಡ, ಅನುಭವಿಗಳ ಬೆರಳು ಬಹಳ ಹೇಳುತ್ತಿತ್ತು, ಈಗಲೂ ಈ ಪರೀಕ್ಷೆ ಮಾಡುತ್ತಾರೆ. ಆದರೆ ಹೊಟ್ಟೆ ತೆರೆದಾಗ ರೋಗ ಅಂದಾಜಿಗಿಂತ ಮುಂದೆ ಹೋಗಿರುವುದು ಸಾಮಾನ್ಯವಾಗಿತ್ತು. ಸಿಟಿ ಸ್ಕ್ಯಾನ್ ಆಗಷ್ಟೇ ಬಂದಿತ್ತು. ಗೋಡೆಯ ಪದರಗಳನ್ನು ಬಿಡಿಸಿ ತೋರಿಸುವುದು ಇವತ್ತಿನ ಸಿಟಿಗೂ ಕಷ್ಟವೇ.

ಹಂಫ್ರಿಯವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮ್ಯಾನ್‌ಹಟನ್‌ನಿಂದ ನದಿ ದಾಟಿದರೆ ಬ್ರೂಕ್ಲಿನ್. ಅಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಅದೇ ಹೊತ್ತಿಗೆ ರೇಮಂಡ್ ಡಮೇಡಿಯನ್ ಎಂಬ ವೈದ್ಯ ತನ್ನ ವಿದ್ಯಾರ್ಥಿಗಳೊಂದಿಗೆ ಒಂದು ದೈತ್ಯ ಯಂತ್ರ ಕಟ್ಟುತ್ತಿದ್ದರು. ಇಲಿಗಳ ಗೆಡ್ಡೆಯ ಅಂಗಾಂಶ ಕಾಂತಕ್ಷೇತ್ರದಲ್ಲಿ ಆರೋಗ್ಯವಂತ ಅಂಗಾಂಶಕ್ಕಿಂತ ಬೇರೆ ರೀತಿ ವರ್ತಿಸುತ್ತದೆ ಎಂದು ಅವರು 1971ರಲ್ಲಿ ಪ್ರಕಟಿಸಿದ್ದರು. 1973ರಲ್ಲಿ ಪಾಲ್ ಲಾಟರ್‌ಬರ್ ಎಂಬ ರಸಾಯನಶಾಸ್ತ್ರಜ್ಞ ನೀರು ತುಂಬಿದ ಎರಡು ಪುಟ್ಟ ಕೊಳವೆಗಳ ಚಿತ್ರವನ್ನು ಕಾಂತದಿಂದ ಮೂಡಿಸಿ ತೋರಿಸಿದರು. ಇಂಗ್ಲೆಂಡಿನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಅದೇ ದಾರಿಯಲ್ಲಿದ್ದರು. 1977ರ ಜುಲೈ 3ರಂದು ಡಮೇಡಿಯನ್ ತಂಡ ಮನುಷ್ಯನ ದೇಹವನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿತು. ಡಮೇಡಿಯನ್ ಮೊದಲು ತಾವೇ ಒಳಗೆ ಕೂತಿದ್ದರು, ಮೈ ದಪ್ಪವಾದ್ದರಿಂದ ಯಂತ್ರಕ್ಕೆ ಏನೂ ಸಿಕ್ಕಿರಲಿಲ್ಲ. ಕೊನೆಗೆ ತೆಳ್ಳಗಿನ ವಿದ್ಯಾರ್ಥಿಯೊಬ್ಬರನ್ನು ಕೂರಿಸಿ, ಎದೆಯ ಒಂದೇ ಒಂದು ಅಡ್ಡಸೀಳಿನ ಒರಟು ಚಿತ್ರಕ್ಕೆ ಸುಮಾರು ಐದು ಗಂಟೆ ತೆಗೆದುಕೊಂಡರು.

ಹಂಫ್ರಿಯವರ ಮೂತ್ರಕೋಶ ತೆಗೆದು ಆಗ ಒಂಬತ್ತು ತಿಂಗಳಾಗಿತ್ತು. ಮುಂದಿನ ತಿಂಗಳೇ, ಆಗಸ್ಟ್‌ನಲ್ಲಿ, ಕರುಳು ಕಟ್ಟಿಕೊಂಡು ಅವರು ಮಿನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆ ಸೇರಿದರು. ಹೊಟ್ಟೆ ತೆರೆದು ನೋಡಿದಾಗ ಕಿಬ್ಬೊಟ್ಟೆಯಲ್ಲಿ ಕ್ಯಾನ್ಸರ್ ಮತ್ತೆ ಬೆಳೆದಿತ್ತು, ತೆಗೆಯಲಾಗದ ಸ್ಥಿತಿಯಲ್ಲಿತ್ತು.

ಎಂಆರ್‌ಐ ಕೆಲಸ ಮಾಡುವುದು ಹೇಗೆ? ನಮ್ಮ ದೇಹದ ತೂಕದಲ್ಲಿ ಹೆಚ್ಚಿನದು ನೀರು. ನೀರಿನ ಹೈಡ್ರೋಜನ್ ಪರಮಾಣುವಿನ ನಡುವಿನ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತದಂತೆ. ಸಾಮಾನ್ಯ ಆಸ್ಪತ್ರೆಯ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಬಲಶಾಲಿ. ಅದರೊಳಗೆ ಮಲಗಿದಾಗ ಈ ಪ್ರೋಟಾನ್‌ಗಳಲ್ಲಿ ಸ್ವಲ್ಪ ಭಾಗ ಒಂದೇ ದಿಕ್ಕಿಗೆ ವಾಲುತ್ತವೆ. ರೇಡಿಯೋ ತರಂಗ ಕೊಟ್ಟು ಅವನ್ನು ಕದಲಿಸುತ್ತಾರೆ, ತರಂಗ ನಿಲ್ಲಿಸಿದಾಗ ಅವು ಮೊದಲಿನ ಸ್ಥಿತಿಗೆ ಮರಳುತ್ತ ಸಣ್ಣ ಸಂಕೇತ ಹೊರಡಿಸುತ್ತವೆ. ಕೊಬ್ಬು, ಸ್ನಾಯು, ಮೂತ್ರ, ಗೆಡ್ಡೆ, ಒಂದೊಂದೂ ಮರಳುವ ವೇಗ ಬೇರೆ. ಆ ವ್ಯತ್ಯಾಸವೇ ಚಿತ್ರವಾಗುತ್ತದೆ. ಬಳಸುವ ತರಂಗ ಎಫ್‌ಎಂ ರೇಡಿಯೋಗೆ ಹತ್ತಿರದ್ದು. ಹಾಗಾಗಿ ಎಂಆರ್‌ಐಯಲ್ಲಿ ಎಕ್ಸ್‌ರೇ ತರಹದ ವಿಕಿರಣ ತಗಲುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೆದರಬೇಕಾದದ್ದು ಲೋಹಕ್ಕೆ: ಪೇಸ್‌ಮೇಕರ್, ಹಳೆಯ ಕ್ಲಿಪ್ಪುಗಳು ದೇಹದಲ್ಲಿದ್ದರೆ ಮೊದಲೇ ಹೇಳಬೇಕು.

ಮೂತ್ರಕೋಶ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಅಂಗ ಎನ್ನಬಹುದು. ಟಿ2 ಎಂಬ ಬಗೆಯ ಚಿತ್ರದಲ್ಲಿ (ರೋಗದ ಹಂತದ ಟಿ2 ಬೇರೆ, ಈ ಟಿ2 ಬೇರೆ, ಹೆಸರಿಟ್ಟವರು ನಮ್ಮನ್ನು ಕೇಳಲಿಲ್ಲ) ಒಳಗಿನ ಮೂತ್ರ ಬೆಳ್ಳಗೆ, ಗೋಡೆಯ ಸ್ನಾಯು ಕಪ್ಪು ಗೆರೆಯಾಗಿ, ಗೆಡ್ಡೆ ಬೂದು ಬಣ್ಣದಲ್ಲಿ ಕಾಣುತ್ತದೆ. ಆ ಕಪ್ಪು ಗೆರೆ ಗೆಡ್ಡೆಯ ಕೆಳಗೆ ಅಖಂಡವಾಗಿದೆಯೇ, ಎಲ್ಲಾದರೂ ತುಂಡಾಗಿದೆಯೇ ಎಂಬುದೇ ರೇಡಿಯಾಲಜಿಸ್ಟ್ ಹುಡುಕುವ ವಿಷಯ. ಎರಡನೆಯ ಬಗೆಯ ಚಿತ್ರ ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಗೆಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವರಂತೆ ನೀರಿನ ಕಣಗಳಿಗೆ ಅಲ್ಲಾಡಲು ಜಾಗವಿಲ್ಲ, ಆ ಭಾಗ ಹೊಳೆಯುತ್ತದೆ. ಮೂರನೆಯದರಲ್ಲಿ ಗ್ಯಾಡೊಲಿನಿಯಂ ಇರುವ ಔಷಧಿಯನ್ನು ರಕ್ತಕ್ಕೆ ಚುಚ್ಚಿ ನೋಡುತ್ತಾರೆ. ಗೆಡ್ಡೆ ಬೇಗ ಬೆಳಗುತ್ತದೆ, ಸ್ನಾಯು ನಿಧಾನ. ಕಿಡ್ನಿ ತೀರಾ ದುರ್ಬಲವಿದ್ದವರಿಗೆ ಈ ಚುಚ್ಚುಮದ್ದಿನ ಬಗ್ಗೆ ವೈದ್ಯರು ಯೋಚಿಸಿ ನಿರ್ಧರಿಸುತ್ತಾರೆ.

ಈ ಮೂರನ್ನೂ ಒಟ್ಟಿಗೆ ಓದುವ ಕ್ರಮವೊಂದನ್ನು 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಪ್ರಕಟಿಸಿತು. ಹೆಸರು ವೈ-ರಾಡ್ಸ್. 1ರಿಂದ 5ರವರೆಗೆ ಅಂಕ. 1 ಅಥವಾ 2 ಬಂದರೆ ಸ್ನಾಯುವಿಗೆ ಇಳಿದಿರುವ ಸಾಧ್ಯತೆ ಕಡಿಮೆ, 4 ಬಂದರೆ ಇಳಿದಿರುವ ಸಾಧ್ಯತೆ ಹೆಚ್ಚು, 5 ಬಂದರೆ ಗೋಡೆಯ ಆಚೆಗಿನ ಕೊಬ್ಬಿಗೂ ಹೋಗಿರುವ ಸಾಧ್ಯತೆ ಬಹಳ ಹೆಚ್ಚು. 3 ಅಂದರೆ ಚಿತ್ರ ನೋಡಿ ಹೇಳಲಾಗದು. ನಿಮ್ಮ ಮನೆಯವರ ವರದಿಯಲ್ಲಿ ಈ ಅಂಕ ಕಂಡರೆ ಅದನ್ನು ಕ್ಯಾನ್ಸರ್‌ನ ಸ್ಟೇಜ್ ಎಂದು ಓದಿಕೊಳ್ಳಬೇಡಿ. ಇದು ಸಾಧ್ಯತೆಯ ಅಂಕ. 5ನೇ ಸ್ಟೇಜ್ ಎಂಬುದೇ ಇಲ್ಲ.

ಸ್ಕ್ಯಾನ್ ದಿನ ಮೂತ್ರಕೋಶ ಹದವಾಗಿ ತುಂಬಿರಬೇಕು. ಖಾಲಿ ಇದ್ದರೆ ಗೋಡೆ ಮುದುಡಿ ದಪ್ಪಗೆ ಕಾಣುತ್ತದೆ, ಇಲ್ಲದ ರೋಗ ಇದ್ದಂತೆ ಅನ್ನಿಸಬಹುದು. ಅತಿಯಾಗಿ ತುಂಬಿದರೆ ಅವಸರಕ್ಕೆ ರೋಗಿ ಅಲ್ಲಾಡುತ್ತಾರೆ, ಚಿತ್ರ ಕದಡುತ್ತದೆ. ಎಷ್ಟು ನೀರು, ಎಷ್ಟು ಹೊತ್ತಿಗೆ ಎಂದು ಸ್ಕ್ಯಾನ್ ಸೆಂಟರ್‌ನವರು ಹೇಳಿದ್ದನ್ನು ಹಾಗೆಯೇ ಪಾಲಿಸುವುದು ಒಳ್ಳೆಯದು. ಇನ್ನೊಂದು ವಿಷಯ, ಸಮಯದ್ದು. ಗೆಡ್ಡೆಯನ್ನು ಕೆರೆದು ತೆಗೆದ ಕೂಡಲೇ ಎಂಆರ್‌ಐ ಮಾಡಿದರೆ ಗಾಯದ ಊತ ಮತ್ತು ರಕ್ತವೇ ಗೆಡ್ಡೆಯಂತೆ ಕಂಡು ದಾರಿ ತಪ್ಪಿಸುತ್ತದೆ. ಆದ್ದರಿಂದ ಕೆರೆಯುವ ಮೊದಲೇ ಮಾಡಿಸುವುದು ಮೇಲು, ಆಗದಿದ್ದರೆ ಕೆಲವು ವಾರ ಬಿಟ್ಟು.

ಕೆರೆಯುವ ಮೊದಲೇ ಎಂಆರ್‌ಐ ಮಾಡಿದರೆ ರೋಗಿಗೆ ನಿಜವಾಗಿ ಏನು ಲಾಭ? ಬ್ರಿಟನ್ನಿನಲ್ಲಿ 143 ಜನರ ಮೇಲೆ ನಡೆದ ಬ್ಲ್ಯಾಡರ್‌ಪಾತ್ ಎಂಬ ಪ್ರಯೋಗ ಇದನ್ನೇ ಕೇಳಿತು. ಸ್ನಾಯುವಿಗೆ ಇಳಿದ ಕ್ಯಾನ್ಸರ್ ಇದ್ದವರಿಗೆ ಸರಿಯಾದ ಚಿಕಿತ್ಸೆ ಶುರುವಾಗಲು ಹಳೆಯ ಕ್ರಮದಲ್ಲಿ 98 ದಿನ ಹಿಡಿದರೆ, ಎಂಆರ್‌ಐ ಕ್ರಮದಲ್ಲಿ 53 ದಿನ ಸಾಕಾಯಿತು. ಸಣ್ಣ ಪ್ರಯೋಗ ನಿಜ, ಆದರೆ ಒಂದೂವರೆ ತಿಂಗಳು ಉಳಿಯುವುದು ಸಣ್ಣ ಮಾತಲ್ಲ.

ಈಗ ಹಂಫ್ರಿಯವರ ಬದುಕಿಗೆ ಈ ಯಂತ್ರವನ್ನು ತಂದು ನಿಲ್ಲಿಸಿ ನೋಡೋಣ. 1967ರಲ್ಲಿ ಎಂಆರ್‌ಐ ಇದ್ದಿದ್ದರೆ ರೋಗ ಸಿಕ್ಕಿಬೀಳುತ್ತಿತ್ತೇ? ಬಹುಶಃ ಇಲ್ಲ. ಚಪ್ಪಟೆ ಕ್ಯಾನ್ಸರ್ ಎಂಬುದು ಸುಣ್ಣದ ಮೇಲಿನ ಬೂಷ್ಟು. ಎಂಆರ್‌ಐ ನೋಡುವುದು ಇಟ್ಟಿಗೆಯನ್ನು. ಚಿತ್ರ ಶುಭ್ರವಾಗಿ ಬರುತ್ತಿತ್ತು, ಎಲ್ಲರೂ ನಿರಾಳರಾಗುತ್ತಿದ್ದರು, ಇನ್ನಷ್ಟು ತಡವಾಗುತ್ತಿತ್ತೋ ಏನೋ. ಎಂಆರ್‌ಐ ನಾರ್ಮಲ್ ಅಂದಮೇಲೆ ಕ್ಯಾನ್ಸರ್ ಇಲ್ಲ ಎಂಬ ನಂಬಿಕೆ ಇಂದಿಗೂ ಬಲವಾಗಿದೆ, ಮೂತ್ರಕೋಶದ ವಿಷಯದಲ್ಲಿ ಅದು ತಪ್ಪು. ಅಲ್ಲಿ ಬೇಕಾದದ್ದು ಕೊಳವೆ ಹಾಕಿ ನೋಡುವುದು, ಮೂತ್ರದ ಜೀವಕೋಶ ಪರೀಕ್ಷೆ, ಬಯಾಪ್ಸಿ. ಇವತ್ತಾದರೆ ನೀಲಿ ಬೆಳಕಿನಲ್ಲಿ ಕ್ಯಾನ್ಸರ್ ಹೊಳೆಯುವಂತೆ ಮಾಡಿ ನೋಡುವ ವಿಧಾನವೂ ಇದೆ. ಚಪ್ಪಟೆ ಕ್ಯಾನ್ಸರ್‌ಗೆ ಇಂದು ಕೊಡುವ ಮುಖ್ಯ ಚಿಕಿತ್ಸೆ ಯಾವುದು ಗೊತ್ತೇ? ನಮ್ಮೆಲ್ಲರ ತೋಳಿನ ಮೇಲೆ ಗುರುತು ಬಿಟ್ಟಿರುವ ಬಿಸಿಜಿ. ಕ್ಷಯದ ಆ ಲಸಿಕೆಯನ್ನು ಮೂತ್ರಕೋಶದೊಳಗೆ ಹಾಕಿದರೆ ರೋಗನಿರೋಧಕ ಶಕ್ತಿ ಕೆರಳಿ ಕ್ಯಾನ್ಸರ್ ಮೇಲೆ ಬೀಳುತ್ತದೆ. ಕೆನಡಾದ ಅಲ್ವಾರೊ ಮೊರಾಲಿಸ್ ಮತ್ತು ಸಂಗಡಿಗರು ಒಂಬತ್ತು ರೋಗಿಗಳಲ್ಲಿ ಕಂಡ ಫಲಿತಾಂಶವನ್ನು ಪ್ರಕಟಿಸಿದ್ದು 1976ರಲ್ಲಿ. ಹಂಫ್ರಿಯವರ ಮೂತ್ರಕೋಶ ತೆಗೆದ ವರ್ಷವೇ.

ಎಂಆರ್‌ಐ ಅವರಿಗೆ ನೆರವಾಗುತ್ತಿದ್ದದ್ದು 1973ರ ನಂತರ. ರೋಗ ಇದೆ ಎಂದು ಗೊತ್ತಿದ್ದು, ಎಷ್ಟು ಆಳ ಎಂದು ಗೊತ್ತಿಲ್ಲದ ಆ ಮೂರು ವರ್ಷಗಳಲ್ಲಿ. ಕಪ್ಪು ಗೆರೆ ಮೊದಲ ಬಾರಿಗೆ ತುಂಡಾದಾಗಲೇ ಎಚ್ಚರಿಕೆ ಸಿಗುವ ಸಾಧ್ಯತೆ ಇತ್ತು. ಹಾಗಂತ ಅಲ್ಲೂ ಪೂರ್ತಿ ಭರವಸೆ ಕೊಡಲು ನಾವು ತಯಾರಿಲ್ಲ, ಏಕೆಂದರೆ ವಿಕಿರಣ ಪಡೆದ ಮೂತ್ರಕೋಶದ ಗೋಡೆ ದಪ್ಪವಾಗಿ, ಊದಿಕೊಂಡು, ಕಲೆಗಟ್ಟಿ ಎಂಆರ್‌ಐ ಓದುವವರನ್ನು ಗೊಂದಲಕ್ಕೆ ಕೆಡವುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಗೋಡೆ ದಾಟಿದೆಯೇ, ನೆರೆಯ ಅಂಗಕ್ಕೆ ತಾಗಿದೆಯೇ ಎಂಬುದನ್ನಂತೂ ಬೆರಳಿಗಿಂತ ಚೆನ್ನಾಗಿ ತೋರಿಸುತ್ತಿತ್ತು. ಸ್ನಾಯುವಿಗೆ ಇಳಿದಿದೆ ಎಂದು ಮೊದಲೇ ಖಚಿತವಾದರೆ ಇಂದು, ದೇಹ ತಡೆದುಕೊಳ್ಳುವ ರೋಗಿಗಳಿಗೆ, ಶಸ್ತ್ರಚಿಕಿತ್ಸೆಗೆ ಮುನ್ನವೇ ಕೀಮೋಥೆರಪಿ ಕೊಡುತ್ತಾರೆ. ಹಂಫ್ರಿಯವರಿಗೆ ಕೊಟ್ಟದ್ದು ಆಮೇಲೆ. ದುಗ್ಧರಸ ಗ್ರಂಥಿಗಳ ವಿಷಯದಲ್ಲಿ ಎಂಆರ್‌ಐ ಇಂದಿಗೂ ದುರ್ಬಲ: ಮುಖ್ಯವಾಗಿ ಗಾತ್ರ ನೋಡಿ ಹೇಳಬೇಕು, ಗಾತ್ರ ಹಿಗ್ಗಿಸದಷ್ಟು ಚಿಕ್ಕ ಕ್ಯಾನ್ಸರ್ ಕಣ್ಣು ತಪ್ಪಿಸುತ್ತದೆ. ಮತ್ತು ಯಾವ ಬಗೆಯ ಜೀವಕೋಶ, ಎಷ್ಟು ಉಗ್ರ ಎಂದು ತಿಳಿಯಲು ಚೂರು ತೆಗೆದೇ ನೋಡಬೇಕು. ಎಂಆರ್‌ಐ ಮಾಡಿಸಿದೆವಲ್ಲ, ಬಯಾಪ್ಸಿ ಏಕೆ ಎಂದು ಕೇಳುವವರಿಗೆ ಇದೇ ಉತ್ತರ.

ಹಂಫ್ರಿಯವರ ಕೊನೆಯ ತಿಂಗಳುಗಳಿಗೆ ಬರೋಣ. ಮೂತ್ರಕೋಶ ತೆಗೆದ ಮರು ತಿಂಗಳು, 1976ರ ನವೆಂಬರ್‌ನಲ್ಲಿ, ಮಿನೆಸೋಟದ ಜನ ಅವರನ್ನು ಮತ್ತೆ ಸೆನೆಟ್‌ಗೆ ಆರಿಸಿ ಕಳಿಸಿದ್ದರು. 1977ರ ಆಗಸ್ಟ್‌ನ ಶಸ್ತ್ರಚಿಕಿತ್ಸೆಯ ನಂತರ ರೋಗ ವಾಸಿಯಾಗುವಂಥದ್ದಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಕ್ಯಾನ್ಸರ್ ಎಂಬ ಪದವನ್ನೇ ಮನೆಯವರು ಪಿಸುಗುಡುತ್ತಿದ್ದ ಕಾಲದಲ್ಲಿ, ದಿನದಿನಕ್ಕೆ ಸೊರಗುತ್ತಿದ್ದ ಮುಖ ಹೊತ್ತು ಅವರು ಸಾರ್ವಜನಿಕವಾಗಿ ಓಡಾಡಿದರು. ಅಕ್ಟೋಬರ್‌ನಲ್ಲಿ ಸೆನೆಟ್‌ಗೆ ಮರಳಿದಾಗ ಎರಡೂ ಪಕ್ಷಗಳವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನವೆಂಬರ್‌ನಲ್ಲಿ ವಾಷಿಂಗ್ಟನ್‌ನ ಆರೋಗ್ಯ ಇಲಾಖೆಯ ಕೇಂದ್ರ ಕಟ್ಟಡಕ್ಕೆ ಅವರ ಹೆಸರಿಟ್ಟರು. ಕೊನೆಯ ದಿನಗಳಲ್ಲಿ ಮಲಗಿದಲ್ಲಿಂದಲೇ ಹಳೆಯ ಗೆಳೆಯರಿಗೆ, ಹಳೆಯ ಎದುರಾಳಿಗಳಿಗೆ ಫೋನ್ ಮಾಡುತ್ತಿದ್ದರು. ಅಧ್ಯಕ್ಷ ಪದವಿಯಿಂದ ಅವಮಾನಿತರಾಗಿ ಇಳಿದು ಮೂಲೆ ಸೇರಿದ್ದ ನಿಕ್ಸನ್ ಅವರಿಗೂ ಮಾಡಿದರು, ತಮ್ಮ ಅಂತ್ಯಕ್ರಿಯೆಗೆ ಬರಬೇಕೆಂದರು. 1978ರ ಜನವರಿ 13ರಂದು ವೇವರ್ಲಿಯ ಮನೆಯಲ್ಲಿ ತೀರಿಕೊಂಡರು. ನಿಕ್ಸನ್ ಬಂದರು. ಖಾಲಿಯಾದ ಸೆನೆಟ್ ಸ್ಥಾನಕ್ಕೆ ಮ್ಯೂರಿಯಲ್ ಅವರನ್ನು ನೇಮಿಸಲಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1967ರಲ್ಲಿ ಗಾಜಿನ ಪಟ್ಟಿಯ ಮೇಲೆ ಹಚ್ಚಿ ನೋಡಿದ್ದ ಆ ಮೂತ್ರದ ಜೀವಕೋಶಗಳನ್ನು ಯಾರೂ ಎಸೆದಿರಲಿಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳಿಂದ ಡಿಎನ್‌ಎ ತೆಗೆದು, 1976ರಲ್ಲಿ ತೆಗೆದಿದ್ದ ಗೆಡ್ಡೆಯ ಡಿಎನ್‌ಎ ಜೊತೆ ಹೋಲಿಸಿದರು. ಪಿ53 ಎಂಬ ವಂಶವಾಹಿ ಜೀವಕೋಶಗಳು ಹದ್ದುಮೀರದಂತೆ ತಡೆಯುವ ಕಾವಲುಗಾರ. ಎರಡರಲ್ಲೂ ಆ ವಂಶವಾಹಿಯ ಅದೇ ಜಾಗದಲ್ಲಿ ಅದೇ ದೋಷ ಇತ್ತು. ಅಂದರೆ ಒಂಬತ್ತು ವರ್ಷಗಳ ನಂತರ ಗೋಡೆಯನ್ನು ಕೊರೆದ ಕ್ಯಾನ್ಸರ್‌ನ ಬೀಜ, ತಜ್ಞರು ಒಮ್ಮತಕ್ಕೆ ಬಾರದೆ ಬದಿಗಿಟ್ಟ ಆ ಗಾಜಿನ ಮೇಲೆ ಆಗಲೇ ಕೂತಿತ್ತು. ಈ ವರದಿ 1994ರಲ್ಲಿ ಪ್ರಕಟವಾಯಿತು. ಮ್ಯೂರಿಯಲ್ ಅವರಿಗೆ ಆಗ 82 ವರ್ಷ.